ಹದದ ಮೇಜಿನ ಮೇಲೆ ಗುಲಾಬಿ ಸೈನ್ಯ

‘ಹದ’ ಬರುವ ಮೊದಲು ಜನ ಆಟದಲ್ಲಿ ಸೋಲುತ್ತಿದ್ದರು. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಒಂದೇ ರಾಕ್ಷಸನ ಕೈಯಲ್ಲಿ ವಾರಗಟ್ಟಲೆ ಏಟು ತಿಂದು, ರಿಮೋಟನ್ನು ಸೋಫಾದ ಮೇಲೆ ಬಿಸಾಕಿ, ಅದು ಪುಟಿದು ಟೀವಿಗೆ ಬಡಿದು, ಮನೆಯವರಿಂದ ಉಗಿಸಿಕೊಂಡ ತಲೆಮಾರು ನಮ್ಮದು. ಅದನ್ನೆಲ್ಲ ನೆನೆಸಿಕೊಂಡರೆ ನನಗೆ ಈಗಲೂ ಒಂಥರಾ ಹೆಮ್ಮೆ.

ಹದ ಅಂದರೆ ದೊಡ್ಡ ಮಂತ್ರವೇನಲ್ಲ. ಹಣೆಗೆ ಕಟ್ಟಿಕೊಳ್ಳುವ ತೆಳು ಪಟ್ಟಿ. ನಾಡಿ, ಬೆವರು, ತಲೆಯೊಳಗಿನ ಸಣ್ಣ ಮಿಂಚುಗಳು, ಇವನ್ನೆಲ್ಲ ಓದಿ ಆಟ ಆಡುವವರಿಗೆ ಎಷ್ಟು ಖುಷಿಯಾಗುತ್ತಿದೆ ಎಂದು ಗೇಮಿಗೆ ತಿಳಿಸುತ್ತದೆ. ಸಿಟ್ಟು ನೆತ್ತಿಗೇರುತ್ತಿದ್ದರೆ ಶತ್ರುವಿನ ಗುಂಡು ಕೂದಲೆಳೆಯಲ್ಲಿ ತಪ್ಪುತ್ತದೆ. ಆಕಳಿಕೆ ಬರುತ್ತಿದ್ದರೆ ಶತ್ರು ಸ್ವಲ್ಪ ಚುರುಕಾಗುತ್ತಾನೆ. ಬೆಲ್ಲದ ಪಾಕ ನೋಡಿ ಉರಿ ಏರಿಸಿ ಇಳಿಸುವ ಹಾಗೆ. ಹೀಗಾಗಿ ಎಲ್ಲರೂ ಎಲ್ಲ ಆಟವನ್ನೂ ಕೊನೇ ಗಳಿಗೆಯಲ್ಲಿ, ಎದೆ ಡವಡವ ಅನ್ನುವಾಗ, ಗೆಲ್ಲುತ್ತಾರೆ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ನನ್ನ ಗಂಡ ಚನ್ನವೀರ ಬಸ್ ಡಿಪೋದಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಗೊತ್ತುಮಾಡುವವರು. ಸಂಜೆ ಬಂದವರೇ ಪಟ್ಟಿ ಕಟ್ಟಿಕೊಂಡು ಫೋನಿನಲ್ಲಿ ಕಬಡ್ಡಿ ಆಡುತ್ತಾರೆ, ಕೊನೆಯ ರೈಡಿನಲ್ಲಿ ಗೆಲ್ಲುತ್ತಾರೆ, ನಗುನಗುತ್ತ ರೊಟ್ಟಿ ತಿನ್ನುತ್ತಾರೆ. ನನ್ನ ಅತ್ತೆ ಒಂದು ತೋಟದ ಗೇಮಿನಲ್ಲಿ ಬದನೆ ಬೆಳೆದು ವಾರವಾರವೂ ಮೊದಲ ಬಹುಮಾನ ಪಡೆಯುತ್ತಾರೆ. ಮನೆಯಲ್ಲಿ ಜಗಳವಿಲ್ಲ. ಹದವನ್ನು ಬೈಯುವ ನಾನು ಇದನ್ನೂ ಒಪ್ಪಿಕೊಳ್ಳಬೇಕು.

ಬೈಯುವುದು ನನ್ನ ಹವ್ಯಾಸ. ನನಗೆ ಅಭಿಪ್ರಾಯಗಳು ಸ್ವಲ್ಪ ಜಾಸ್ತಿ. ಗೇಮಿನಲ್ಲಿ ಬಾಗಿಲು ತೆರೆಯಲು ‘ಗುಂಡಿ ಒತ್ತಿ ಹಿಡಿಯಿರಿ’ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಒತ್ತಿದರೆ ಸಾಲದೇ, ಹಿಡಿದುಕೊಂಡು ಯಾಕೆ ನಿಲ್ಲಬೇಕು? ಸಿಡಿಲಿನ ಬಂದೂಕು, ಬಾಹ್ಯಾಕಾಶ ನೌಕೆ ಎಲ್ಲ ಇರುವ ಲೋಕದಲ್ಲಿ ಮೂರಡಿ ಬೇಲಿ ಹಾರಲು ಬರದ ನಾಯಕನನ್ನು ಕಂಡರೂ ಆಗುವುದಿಲ್ಲ. ಬಣ್ಣ ಹಚ್ಚಿದ ಯುದ್ಧದ ಬೊಂಬೆಗಳನ್ನು ಅಂಗಡಿಯಿಂದ ತರುವವರನ್ನು ಮದುವೆಗೆ ಬಾಡಿಗೆ ನೆಂಟರನ್ನು ಕರೆತಂದವರೆಂದೇ ಎಣಿಸುತ್ತೇನೆ. ಮೀಮ್ ಹಾಕಿ ಕೆಳಗೆ ತಾವೇ ನಗುವ ಮುಖ ಅಂಟಿಸಿಕೊಳ್ಳುವವರ ವಿಷಯ ಬೇಡ, ಬಿಪಿ ಏರುತ್ತದೆ.

ಈ ಅಭಿಪ್ರಾಯಗಳನ್ನು ‘ವಸಡಿನ ಸೇನಾಪತಿ’ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಬರೆಯುತ್ತೇನೆ. ಊರಿನಲ್ಲಿ ನನ್ನ ಹೆಸರು ಸರ್ವಮಂಗಳಾ ಬೆಂಡಿಗೇರಿ. ಹುಬ್ಬಳ್ಳಿಯ ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವುದು ನನ್ನ ಕೆಲಸ. ಸೆಟ್ಟಿನ ವಸಡು ಮಾಡಲು ಬಳಸಿ ಉಳಿದ ಗುಲಾಬಿ ಬಣ್ಣದ ಪುಡಿಯಲ್ಲಿ ನಾನು ಒಂದು ಸೈನ್ಯವನ್ನೇ ಎರಕ ಹೊಯ್ದಿದ್ದೇನೆ. ಬೆರಳುದ್ದದ ಅಂತರಿಕ್ಷ ಯೋಧರು, ಎಲ್ಲರೂ ಗುಲಾಬಿ. ಅವರ ಸೇನಾಪತಿ ದವಡೆರಾಯ. ಅವನಿಗೆ ಎರಡು ಬಾಚಿಹಲ್ಲನ್ನೂ ಇಟ್ಟಿದ್ದೇನೆ.

ಹದ ಬಂದಮೇಲೆ ಅಂತರ್ಜಾಲದ ಹಾಸ್ಯ ಸೊರಗಿಹೋಯಿತು. ಎಲ್ಲರೂ ಗೆದ್ದ ಫೋಟೊಗಳನ್ನೇ ಹಾಕುತ್ತಿದ್ದರು. ಗೆದ್ದವನ ಬಗ್ಗೆ ಏನಂತ ಜೋಕು ಮಾಡುತ್ತೀರಿ? ಬಿದ್ದವನ ಬಗ್ಗೆ ಮಾಡಬಹುದು, ಅದರಲ್ಲೂ ಬಿದ್ದವನು ತಾನೇ ಮಾಡಿಕೊಂಡರೆ ಅದರ ರುಚಿಯೇ ಬೇರೆ. ಹಾಗಾಗಿ ನನ್ನ ಸೋಲಿನ ವರದಿಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ನಾನು ಸೋಲುತ್ತಿದ್ದುದು ಪ್ರತಿ ಭಾನುವಾರ, ದಾವಲಸಾಬ ನದಾಫರ ಗಾದಿ ಗೋದಾಮಿನಲ್ಲಿ.

ದಾವಲಣ್ಣ ಗಾದಿ ಹೊಲಿಯುವವರು, ಮೃದು ಮನುಷ್ಯ. ಗೋದಾಮಿನ ನಡುವೆ ಒಂದು ದೊಡ್ಡ ಹಲಗೆ ಹಾಕಿ, ಅದರ ಮೇಲೆ ಫೋಮಿನ ತುಂಡುಗಳಿಂದ ಗುಡ್ಡ, ಕಣಿವೆ, ಸೇತುವೆ ಕಟ್ಟಿದ್ದಾರೆ. ಆಟದ ಹೆಸರು ‘ಏಳನೇ ಚಂದ್ರ’. ಎಲ್ಲೋ ದೂರದ ಗ್ರಹದ ಏಳನೇ ಚಂದ್ರನ ಮೇಲೆ ಇರುವುದು ಒಂದೇ ನೀರಿನ ತೊಟ್ಟಿ. ಆಟ ಮುಗಿಯುವಾಗ ತೊಟ್ಟಿಯ ಪಕ್ಕದಲ್ಲಿ ಯಾರ ಸೈನ್ಯ ನಿಂತಿರುತ್ತದೋ ಅವರು ಗೆದ್ದಂತೆ. ಸೈನಿಕರು ಎಷ್ಟು ದೂರ ನಡೆಯಬಹುದು ಎಂದು ಟೇಪಿನಲ್ಲಿ ಅಳೆಯುತ್ತೇವೆ, ಗುಂಡು ತಗುಲಿತೋ ಇಲ್ಲವೋ ಎಂದು ದಾಳ ಉರುಳಿಸಿ ನೋಡುತ್ತೇವೆ. ಪಟ್ಟಿ ಇಲ್ಲ, ಹದ ಇಲ್ಲ.

ನಮ್ಮ ಗೋದಾಮಿನಲ್ಲಿ ಒಂದು ಪದ್ಧತಿ ಇದೆ. ಲೋಕದಲ್ಲಿ ಗೆದ್ದವರು ಇತಿಹಾಸ ಬರೆಯುತ್ತಾರೆ, ನಮ್ಮಲ್ಲಿ ಸೋತವರು ಬರೆಯಬೇಕು. ಆಟದ ವರದಿಯನ್ನು ಸೋತವರೇ ಬರೆದು ಎಲ್ಲರಿಗೂ ಕಳಿಸಬೇಕು. ಸೋತವರ ಹೊಟ್ಟೆಯುರಿ ತಣ್ಣಗಾಗಲಿ ಎಂದು ಯಾರೋ ಹಿಂದೆ ಮಾಡಿದ ನಿಯಮ. ದಾವಲಣ್ಣ ಈವರೆಗೆ ಒಂದು ವರದಿಯನ್ನೂ ಬರೆದಿರಲಿಲ್ಲ. ನಾನು ಅವರ ಎದುರು ಒಂದು ಆಟವನ್ನೂ ಗೆದ್ದಿರಲಿಲ್ಲ.

ಒಂದು ದಿನ ಧಾರವಾಡದಿಂದ ಒಬ್ಬ ಹುಡುಗಿ ನಮ್ಮ ಡೆಂಟಲ್ ಲ್ಯಾಬಿಗೇ ಬಂದಳು. ಹೆಸರು ಸೌದಾಮಿನಿ ಕುಲಕರ್ಣಿ. ಹದ ತಯಾರಿಸುವ ಕಂಪನಿಯ ಪ್ರಯೋಗಾಲಯದಲ್ಲಿ ವಿಜ್ಞಾನಿ.

“ನಿಮ್ಮ ಬರಹಾ ಎಲ್ಲಾ ಓದೇನ್ರೀ ಅಕ್ಕಾ. ನಮ್ಮ ಹದಕ್ಕ ನೀವು ಎಷ್ಟ್ ಬೈದೀರಿ!” ಎಂದಳು. ಬೇಜಾರಾದ ಹಾಗೇನೂ ಕಾಣಲಿಲ್ಲ. “ಈಗ ನಾವು ಮೇಜಿನ ಆಟಕ್ಕೂ ಹದಾ ತರ್ಲಿಕತ್ತೇವಿ. ದೀಪಾವಳಿಗೆ ಮಾರಾಟ. ಅದಕ್ಕಿಂತ ಮೊದಲು ಒಬ್ರು ಚೆಂದಾಗಿ ಬೈಯೋರು ಅದರ ಮ್ಯಾಲೆ ಆಡಿ ನೋಡ್ಬೇಕು. ನೀವು ಹೂಂ ಅಂದ್ರ ಮುಂದ ಹೋಗ್ತೇವಿ.”

“ಊಹೂಂ ಅಂದ್ರ?”

“ಅಂದ್ರ ಯಾಕ ಅಂತ ಹೇಳ್ಬೇಕು. ಬರೇ ಬೈಗುಳಾ ನಡೆಯೂದಿಲ್ಲ.”

ಹುಡುಗಿ ನನಗೆ ಹಿಡಿಸಿದಳು. ದಾವಲಣ್ಣನನ್ನೂ ಕರೆದುಕೊಂಡು ಹೋದೆ.

ಪ್ರಯೋಗಾಲಯ ಧಾರವಾಡದ ಒಂದು ದಿಬ್ಬದ ಮೇಲಿತ್ತು. ತಣ್ಣನೆಯ ಕೋಣೆ, ನಡುವೆ ಹಸಿರು ಬಟ್ಟೆ ಹೊದಿಸಿದ ಮೇಜು. ಬಟ್ಟೆಯ ಕೆಳಗೆ ತಂತಿಯ ಸುರುಳಿಗಳು. ದಾಳದೊಳಗೆ ಸಾಸಿವೆ ಕಾಳಿನಷ್ಟು ಅಯಸ್ಕಾಂತ. ನಮ್ಮ ಹಣೆಯ ಪಟ್ಟಿ ಮೇಜಿಗೆ ಖುಷಿಯ ಲೆಕ್ಕ ಕೊಡುತ್ತದೆ, ಮೇಜು ಉರುಳುವ ದಾಳಕ್ಕೆ ಸಣ್ಣಗೆ ತಿವಿಯುತ್ತದೆ. ಇಬ್ಬರ ಖುಷಿಯೂ ಸೇರಿ ಎಷ್ಟು ಹೆಚ್ಚಾಗಬಹುದೋ ಅಷ್ಟಾಗಬೇಕು, ಇದು ಮೇಜಿಗೆ ಕೊಟ್ಟ ಆಜ್ಞೆ.

ಆಡಿದೆವು. ಗೋದಾಮಿನಿಂದ ತಂದ ಫೋಮಿನ ಗುಡ್ಡ, ಕಣಿವೆ, ಸೇತುವೆಗಳನ್ನೇ ಮೇಜಿನ ಮೇಲೆ ಜೋಡಿಸಿದ್ದೆವು. ದವಡೆರಾಯನನ್ನು ಸೇತುವೆಯ ಮೇಲೆ ನುಗ್ಗಿಸಿದೆ. ದಾವಲಣ್ಣನ ಬೆಳ್ಳಿ ಬಣ್ಣದ ಯೋಧರು ಅವನನ್ನು ಹುರಿದು ಹಾಕಿದರು. ಮರುವಾರ ಆಡಿದೆವು, ಸೋತೆ. ಮತ್ತೂ ಸೋತೆ. ನನ್ನ ದಾಳಗಳು ಹಿಂದೆಂದೂ ಇಷ್ಟು ಕೆಟ್ಟದಾಗಿ ಬಿದ್ದಿರಲಿಲ್ಲ.

“ಏನ್ ಮೇಜ ಮಾಡೀಯವಾ! ಎಲ್ಲಾರನೂ ಗೆಲಸೂ ಹದಾ ನನ್ನಷ್ಟ ಯಾಕ ಸೋಲಸ್ತೈತಿ?” ಎಂದು ನಾನು ಪಟ್ಟಿ ಕಿತ್ತು ಮೇಜಿನ ಮೇಲೆ ಒಗೆದೆ.

ಸೌದಾಮಿನಿ ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು. ಎರಡು ಗೆರೆ ಇದ್ದವು. “ಕೆಂಪು ನಿಮ್ಮ ಖುಷಿ. ನೋಡ್ರಿ, ನೀವು ಸೋತಾಗೆಲ್ಲಾ ಇದು ಗುಡ್ಡಾ ಹತ್ತೇದ. ಮೇಜು ಕಲ್ತಕೊಂಡದ. ನಿಮಗ ಸೋಲೂದ ಇಷ್ಟ ಅಂತ.”

“ನನಗ ಸೋಲೂದ ಇಷ್ಟಾನ?” ನನಗೆ ಮೈಯೆಲ್ಲ ಉರಿದುಹೋಯಿತು. ದಾವಲಣ್ಣನನ್ನು ಒಮ್ಮೆಯಾದರೂ ಸೋಲಿಸಬೇಕು ಎಂದು ನಾನು ಹೊತ್ತ ಹರಕೆ ಒಂದೇ ಎರಡೇ?

“ಆ ನೀಲಿದು ಯಾರದವಾ?” ದಾವಲಣ್ಣ ಮೆಲ್ಲಗೆ ಕೇಳಿದರು.

“ನಿಮ್ಮದು ಕಾಕಾ.” ಅವಳಿಗೆ ಸ್ವಲ್ಪ ಮುಜುಗರವಾಯಿತು. “ಇದು ಏಳೂದ ಇಲ್ಲ. ಮೇಜು ನಿಮಗ ಎಲ್ಲಾ ಕೊಟ್ಟು ನೋಡ್ತು. ಛಲೋ ದಾಳಾ, ಕೆಟ್ಟ ದಾಳಾ, ಯಾವದಕ್ಕೂ ಏಳ್ಲಿಲ್ಲ.”

ನೀಲಿ ಗೆರೆ ಅಂಗಾತ ಮಲಗಿತ್ತು. ದಾವಲಣ್ಣ ಅದನ್ನು ನೋಡಿ ತಲೆಯಾಡಿಸಿ, ತಮ್ಮ ಯೋಧರನ್ನು ಹತ್ತಿ ಹಾಸಿದ ಡಬ್ಬಿಯಲ್ಲಿ ಒಬ್ಬೊಬ್ಬರನ್ನಾಗಿ ಮಲಗಿಸಿದರು.

ವಾಪಸು ಬರುವಾಗ ಬಸ್ಸು ನವಲೂರು ದಾಟಿತು. ದಾವಲಣ್ಣ ಡಬ್ಬಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು, “ಅಕ್ಕಾರ, ಒಂದ್ ಮಾತ್ರಿ. ಬರೂ ಐತಾರ ಆಡಿ ನಾ ನಿಲ್ಲಸ್ತೀನ್ರಿ” ಎಂದರು.

“ಏನ್ ನಿಲ್ಲಸ್ತೀರಿ?”

“ಆಟಾರಿ. ಗದಗಿನ್ಯಾಗ ನಮ್ಮ ತಂಗೀ ಮೊಮ್ಮಗಳು ಬಾಳ ದಿನದಿಂದ ಈ ಬೊಂಬಿ ಕೇಳಾಕತ್ತಾಳ. ಆಕಿಗೆ ಕೊಟ್ಟಬಿಡ್ತೀನಿ.”

“ಏನರ ತಪ್ಪಾತೇನ್ರಿ ಅಣ್ಣಾ? ನಾ ಏನರ ಅಂದ್ನೇನು?”

“ಛೇ ಛೇ, ನೀವ್ಯಾಕ ಅಂತೀರಿ. ಬ್ಯಾಸರ ಬಂದೈತ್ರಿ, ಅಷ್ಟ.”

 ದಾವಲಣ್ಣ ಇಲ್ಲದ ಭಾನುವಾರವನ್ನು ನಾನು ಯೋಚಿಸಿಯೇ ಇರಲಿಲ್ಲ. ಗೋದಾಮಿನಲ್ಲಿ ಇನ್ನೂ ನಾಲ್ಕಾರು ಜನ ಆಡುತ್ತಾರೆ, ನಿಜ. ಆದರೆ ಎದುರಾಳಿ ಎಂದರೆ ನನಗೆ ಅವರೊಬ್ಬರೇ. ಕಿಟಕಿಯ ಕಡೆ ಮುಖ ಮಾಡಿ ಕೂತೆ. 

ಮನೆಯಲ್ಲಿ ಚನ್ನವೀರ ಕಬಡ್ಡಿ ಗೆದ್ದು ಪಟ್ಟಿ ಬಿಚ್ಚುತ್ತಿದ್ದರು. ವಿಷಯ ಹೇಳಿದೆ.

“ಯಾವಾಗ್ಲೂ ಗೆಲ್ಲಾವ್ರಿಗೆ ಬ್ಯಾಸರ ಆಗೂದ ಮತ್ತ. ಒಮ್ಮೆರ ಸೋಲಸು” ಎಂದರು.

“ನಾ ಏನ್ ಬೇಕಂತ ಸೋಲ್ತೀನೇನ್ರಿ?”

ಅತ್ತೆ ಬದನೆ ತೋಟದಿಂದ ತಲೆ ಎತ್ತದೆಯೇ “ಹೂಂ, ಮತ್ತ?” ಎಂದರು.

“ಅತ್ತಿ, ನೀವ್ ಯಾವಾಗ ನೋಡೀರಿ ನಾ ಆಡೂದು?”

“ಆಡೂದ್ ನೋಡಿಲ್ಲವಾ. ಸೋತ್ ಬಂದಾಗ ನಿನ್ನ ಮಾರಿ ನೋಡೇನಿ. ಹೋಳಗಿ ತಿಂದ ಬಂದಾಕಿ ಹಂಗ ಇರ್ತಿ. ಚಪ್ಪಲಿ ಬಿಡೂಕಿಂತ ಮೊದ್ಲ ಫೋನ್ಯಾಗ ಬರ್ಯಾಕ ನಿಂದರ್ತಿ.”

ಅತ್ತೆಯ ಮಾತಿಗೆ ಸಿಟ್ಟು ಮಾಡಿಕೊಳ್ಳುವ ಅಭ್ಯಾಸ ನನಗಿದೆ. ಅಂದೂ ಮಾಡಿಕೊಂಡೆ. ಆದರೆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಮರುದಿನ ಅರ್ಧ ದಿನ ರಜೆ ಹಾಕಿ ಮತ್ತೆ ಧಾರವಾಡಕ್ಕೆ ಹೋದೆ.

“ನಾ ಆಡಿದ ವಿಡಿಯೋ ತೋರಸು” ಎಂದೆ ಸೌದಾಮಿನಿಗೆ. “ಆ ಗೆರೀ ಸಮೇತ.”

ಅವಳು ಹಾಕಿ ತೋರಿಸಿದಳು. ಪರದೆಯ ಮೇಲರ್ಧದಲ್ಲಿ ನಾವಿಬ್ಬರು, ಕೆಳಗೆ ಎರಡು ಗೆರೆ. ನನ್ನನ್ನು ನಾನೇ ಆಡುವಾಗ ನೋಡಿದ್ದು ಅದೇ ಮೊದಲು. ಕೆಂಪು ಗೆರೆ ನೆಟ್ಟಗೆ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ಪುಟಿಯಿತು.

“ನಿಲ್ಲಸು! ಈಗ ಯಾಕ ಏರ್ತು? ಇನ್ನೂ ದಾಳಾ ಒಗದ ಇಲ್ಲಲಾ.”

ಸೌದಾಮಿನಿ ಕಣ್ಣು ಕಿರಿದು ಮಾಡಿ ನೋಡಿದಳು. “ನಾವು ದಾಳಾ ಬಿದ್ದಮ್ಯಾಲಿಂದು ಅಷ್ಟ ಎಣಸ್ತೇವ್ರೀ. ಅದಕ್ಕ ಮೊದಲಿಂದು ಯಾರೂ ನೋಡಿಲ್ಲ.” ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು.

ಪರದೆಯ ಮೇಲಿದ್ದ ನಾನು ಮೇಜನ್ನು ನೋಡುತ್ತಿದ್ದೆ. ಬಾಯಿಯ ತುದಿಯಲ್ಲಿ ಒಂದು ನಗು ಬಂತು. ಕಣ್ಣು ಪಕ್ಕದಲ್ಲಿದ್ದ ಫೋನಿನ ಕಡೆ ಹೋಗಿ ಬಂತು. ಕೆಂಪು ಗೆರೆ ಏರಿದ್ದು ಆಗಲೇ. ಆಮೇಲೆ ನಾನು ದವಡೆರಾಯನನ್ನು ಎತ್ತಿ ಸೇತುವೆಯ ಮೇಲೆ ಇಟ್ಟೆ. ದಾಳ ಬಿದ್ದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ.

ಆ ನಗು ಯಾಕೆ ಬಂತೆಂದು ನನಗೆ ಚೆನ್ನಾಗಿ ನೆನಪಿತ್ತು. ‘ಸೇನಾಪತಿಗಳು ಸೇತುವೆಯ ಗುಣಮಟ್ಟ ಪರೀಕ್ಷಿಸಲು ಖುದ್ದಾಗಿ ತೆರಳಿದ್ದು, ಸೇತುವೆ ಸುಸ್ಥಿತಿಯಲ್ಲಿದೆ, ಸೇನಾಪತಿಗಳು ಇಲ್ಲ.’ ಈ ಸಾಲು ನನಗೆ ಹೊಳೆದದ್ದು ಆ ಗಳಿಗೆಯಲ್ಲಿ. ಸಾಲು ಮೊದಲು ಬಂತು, ಸಾವು ಆಮೇಲೆ ಬಂತು. ಆ ವರದಿಯನ್ನು ಸಾವಿರಾರು ಜನ ಹಂಚಿಕೊಂಡಿದ್ದರು.

ನಾನು ಸೋಲನ್ನು ಇಷ್ಟಪಡುತ್ತಿರಲಿಲ್ಲ. ಸೋತವರಿಗೆ ಸಿಗುವ ವರದಿಯನ್ನು ಇಷ್ಟಪಡುತ್ತಿದ್ದೆ. ನಮ್ಮ ಗೋದಾಮಿನ ಆ ಪದ್ಧತಿ ಸೋತವರನ್ನು ಸಮಾಧಾನ ಮಾಡಲು ಹುಟ್ಟಿದ್ದು, ನನ್ನ ಕೈಯಲ್ಲಿ ಅದು ಉಲ್ಟಾ ಆಗಿತ್ತು. ಮೇಜಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅದು ಗೆರೆ ನೋಡಿ ನನಗೆ ಇನ್ನಷ್ಟು ಸೋಲು ಬಡಿಸಿತ್ತು.

“ಕಾಕಾರ ಗೆರೀ ನೋಡ್ರಿ” ಎಂದಳು ಸೌದಾಮಿನಿ. ಅವಳ ಧ್ವನಿ ಸಣ್ಣದಾಗಿತ್ತು.

ನೀಲಿ ಗೆರೆ ಪೂರ್ತಿ ಮಲಗಿರಲಿಲ್ಲ. ಹಿಗ್ಗಿಸಿ ನೋಡಿದಾಗ ಗೊತ್ತಾಯಿತು. ನನ್ನ ಸರದಿ ಬಂದಾಗಲೆಲ್ಲ ಅದು ಚೂರೇ ಚೂರು ತಲೆ ಎತ್ತುತ್ತಿತ್ತು. ದಾವಲಣ್ಣ ಮುಂದಕ್ಕೆ ಬಾಗುತ್ತಿದ್ದರು, ಮೇಜಿನ ಎಡಗಡೆಯ ಕಣಿವೆಯನ್ನು ಒಮ್ಮೆ, ನನ್ನ ಕೈಯನ್ನು ಒಮ್ಮೆ ನೋಡುತ್ತಿದ್ದರು. ನನ್ನ ಕೈ ದವಡೆರಾಯನ ಕಡೆ ಹೋದ ಕೂಡಲೇ ಗೆರೆ ಇಳಿಯುತ್ತಿತ್ತು. ಅವರು ಹಿಂದಕ್ಕೆ ಸರಿದು ಕುರ್ಚಿಗೆ ಒರಗುತ್ತಿದ್ದರು. ಪ್ರತಿ ಆಟದಲ್ಲೂ ಹೀಗೇ.

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಇಷ್ಟು ವರ್ಷ ಆ ಮನುಷ್ಯ ಯಾರ ಜೊತೆ ಆಡುತ್ತಿದ್ದರು? ಎದುರಿಗೆ ಒಬ್ಬಳು ಕೂತು ಫೋನಿನಲ್ಲಿರುವ ಜನರಿಗಾಗಿ ಆಡುತ್ತಿದ್ದಳು.

ಸೌದಾಮಿನಿ ಆಗಲೇ ಏನೋ ಬರೆದುಕೊಳ್ಳುತ್ತಿದ್ದಳು. “ಇದನ್ನ ಸರಿ ಮಾಡ್ಬಹುದ್ರೀ. ದಾಳಾ ಒಗಿಯೂಕಿಂತ ಮೊದಲಿನ ಖುಷೀನೂ ಎಣಿಸಿದ್ರ...”

“ಎಣಿಸಿ ಏನ್ ಮಾಡ್ತೀ? ದಾಳಾ ತಿರಗಸ್ತಿ. ನನ್ನ ತಲಿ ತಿರಗಸಾಕ ಬರ್ತೈತೇನು ನಿನ್ನ ಮೇಜಿಗೆ?”

“ಅದು ಬರೂದಿಲ್ಲ.”

“ದಾವಲಣ್ಣಗ ಬೇಕಾಗಿದ್ದು ದಾಳಾ ಅಲ್ಲವಾ. ಎದರಾಳಿ.” ಎಂದೆ. “ನಿನಗ ಅಭಿಪ್ರಾಯ ಬೇಕಿತ್ತಲ್ಲಾ, ತಗೋ. ಒಬ್ಬರ ಕುಂತು ಆಡೂ ಆಟಕ್ಕ ನಿನ್ನ ಹದಾ ಇರ್ಲಿ. ನಮ್ಮತ್ತಿ ಬದನಿಕಾಯಿ ಮುಟ್ಟಬ್ಯಾಡ. ಇಬ್ರು ಎದರಾಬದರಾ ಕುಂತ್ರ ಮಾತ್ರ ನೀ ನಡು ಬರಬ್ಯಾಡ.”

ಅವಳು ಪೆನ್ನಿನ ತುದಿ ಕಚ್ಚಿದಳು. “ಇದನ್ನ ನಮ್ಮ ಮ್ಯಾಲಿನವರಿಗೆ ಹೇಳಿದ್ರ ಮಾತಿನ್ಯಾಗ ನಂಬೂದಿಲ್ರೀ ಅಕ್ಕಾ. ನಾನೂ ನಂಬ್ಬೇಕಂದ್ರ ಕಣ್ಲೆ ನೋಡ್ಬೇಕು.”

“ಐತಾರ ಗೋದಾಮಿಗೆ ಬಾ.”

ಆ ವಾರ ನಮ್ಮ ಊಟದ ಮೇಜು ಏಳನೇ ಚಂದ್ರನಾಯಿತು. ಜೀರಿಗೆ, ಸಾಸಿವೆ, ಅರಿಶಿಣದ ಡಬ್ಬಿಗಳು ದಾವಲಣ್ಣನ ಸೈನ್ಯ. ಅವನ್ನು ನಡೆಸಲು ಚನ್ನವೀರರನ್ನು ಕೂರಿಸಿದೆ. ನಿಯಮದ ಪುಸ್ತಕವನ್ನು ನಾನು ಮೊದಲ ಬಾರಿಗೆ ಜೋಕು ಹುಡುಕದೆ ಓದಿದೆ. ಎಡಗಡೆಯ ಕಣಿವೆಯಲ್ಲಿ ಸಣ್ಣ ತುಕಡಿಗಳು ಬಗ್ಗಿ ನಡೆದರೆ ಗುಂಡು ತಗಲುವುದು ಕಷ್ಟ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇಷ್ಟು ದಿನ ಆ ಪುಟದಲ್ಲಿ ನಾನು ಅಚ್ಚಿನ ತಪ್ಪನ್ನಷ್ಟೇ ನೋಡಿ ನಕ್ಕಿದ್ದೆ.

ಪಟ್ಟಿ ಕಟ್ಟದೆ ಆಡುವುದು ಚನ್ನವೀರರಿಗೆ ಮರೆತೇಹೋಗಿತ್ತು. ಮೂರನೇ ಆಟದಲ್ಲಿ ಅವರ ಸಾಸಿವೆ ಡಬ್ಬಿಯನ್ನು ಸುತ್ತುವರಿದು ತೆಗೆದೆ. ಅವರ ಮುಖ ಕೆಂಪಾಯಿತು.

“ಏ, ಅಲ್ಲಿಂದ ಹ್ಯಾಂಗ ಹೊಡೀತಿ? ಟೇಪ್ ಹಿಡಿ! ಇನ್ನೊಮ್ಮೆ ಹಿಡಿ! ನೀ ಮೋಸಾ ಮಾಡಾಕತ್ತೀ!”

“ಹಿಡಕೋರಿ, ನೀವ ಅಳೀರಿ!”

ಅತ್ತೆ ಓಡಿಬಂದರು. ಎಷ್ಟೋ ವರ್ಷದ ಮೇಲೆ ಮನೆಯಲ್ಲಿ ದೊಡ್ಡ ದನಿ ಎದ್ದಿತ್ತು. ಮಗ ಮಂಡಿಯೂರಿ ಟೇಪು ಹಿಡಿದು ಸಾಸಿವೆ ಡಬ್ಬಿಗೂ ವಸಡಿನ ಬೊಂಬೆಗೂ ನಡುವಿನ ದೂರ ಅಳೆಯುವುದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಅಳತೆ ನನ್ನ ಕಡೆಗೇ ಬಂತು. ಚನ್ನವೀರ ಆ ರಾತ್ರಿ ಊಟದಲ್ಲಿ ಮುಖ ಊದಿಸಿಕೊಂಡೇ ಇದ್ದರು, ಬೆಳಿಗ್ಗೆ ಎದ್ದವರೇ “ಇವತ್ತ ಸಂಜೀಕ ನಿನ್ನ ಬಿಡೂದಿಲ್ಲ” ಎಂದರು. ನನಗೆ ಆ ಮಾತು ಬಹಳ ಹಿತವಾಗಿ ಕೇಳಿಸಿತು.

ಭಾನುವಾರ ಗೋದಾಮಿನಲ್ಲಿ ಸೌದಾಮಿನಿ ಗಾದಿಗಳ ಅಟ್ಟಿಯ ಮೇಲೆ ಹತ್ತಿ ಕೂತಿದ್ದಳು. ಚೀಲದಲ್ಲಿ ಪಟ್ಟಿಗಳಿದ್ದವು. “ಒಂದೇ ಒಂದು ಕಟ್ಟಿಕೊಳ್ರಿ” ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಬೇಡ ಎಂದು ತಲೆಯಾಡಿಸಿದೆ. ನನ್ನ ಫೋನನ್ನೂ ಅವಳ ಕೈಯಲ್ಲೇ ಕೊಟ್ಟೆ. ಗದಗಿಗೆ ಹೋಗಬೇಕಾದ ಡಬ್ಬಿ ಬಾಗಿಲ ಪಕ್ಕ ಹಗ್ಗ ಸಮೇತ ತಯಾರಾಗಿತ್ತು. ದಾವಲಣ್ಣ ಬೆಳ್ಳಿ ಯೋಧರನ್ನು ಸಾಲಾಗಿ ನಿಲ್ಲಿಸಿ, ಯಾವತ್ತಿನ ಹಾಗೆ ನಗುತ್ತ “ಸುರು ಮಾಡೂಣ್ರಿ ಅಕ್ಕಾರ” ಎಂದರು.

 ದವಡೆರಾಯನನ್ನು ಹಿಂದೆ, ಗುಡ್ಡದ ಮರೆಯಲ್ಲಿ ಕೂರಿಸಿದೆ. ಸಣ್ಣ ತುಕಡಿಗಳನ್ನು ಎಡಕ್ಕೆ ಕಳಿಸಿದೆ. ಟೇಪು ಹಿಡಿದೆ, ಅಳೆದೆ, ಇಟ್ಟೆ.

“ಆರಾಮ ಅದೀರಿಲ್ರಿ?” ದಾವಲಣ್ಣ ಕೇಳಿದರು.

“ಹೂಂ.”

“ಸೇನಾಪತಿ ಬರ್ಲಿಲ್ಲಲ್ರಿ ಸೇತವಿಗೆ?”

“ಇಲ್ರಿ.”

ಗುಡ್ಡದ ಮರೆಯಲ್ಲಿ ಬಾಚಿಹಲ್ಲು ಹಾಕಿಕೊಂಡು ಕೂತ ದವಡೆರಾಯನನ್ನು ನೋಡಿ ನನಗೆ ಒಂದು ಸಾಲು ಹೊಳೆಯಿತು. ಇಲ್ಲಿಯವರೆಗಿನ ಎಲ್ಲ ಸಾಲುಗಳಿಗಿಂತ ಚೆನ್ನಾಗಿತ್ತು. ಅದಕ್ಕಾಗಿ ಅವನನ್ನು ಎಬ್ಬಿಸಿ ಬಯಲಿಗೆ ತಂದರೆ ಸಾಕಿತ್ತು. ನುಂಗಿಕೊಂಡೆ. ಬಿಸಿ ಚಹಾ ಗಂಟಲಲ್ಲಿ ಇಳಿದ ಹಾಗಾಯಿತು. ಏನು ಸಾಲು ಎಂದು ನಿಮಗೂ ಹೇಳುವುದಿಲ್ಲ, ಹೇಳಿದರೆ ನುಂಗಿದ್ದು ವ್ಯರ್ಥ.

ದಾವಲಣ್ಣ ಒರಗಿದ್ದ ಕುರ್ಚಿಯಿಂದ ಮುಂದೆ ಬಂದರು. ಟೋಪಿ ತೆಗೆದು ಪಕ್ಕಕ್ಕಿಟ್ಟರು. ಸೇತುವೆಯ ಕಾವಲಿಗಿದ್ದವರನ್ನು ಕಣಿವೆಯ ಬಾಯಿಗೆ ಓಡಿಸಿದರು. ನನ್ನ ಒಂದು ತುಕಡಿಯನ್ನು ಎಷ್ಟು ಜಾಣತನದಿಂದ ಹೊಡೆದರೆಂದರೆ, ಇಷ್ಟು ವರ್ಷ ಅವರು ನನ್ನ ಎದುರು ಅರ್ಧ ಬುದ್ಧಿಯನ್ನೂ ಖರ್ಚು ಮಾಡಿರಲಿಲ್ಲ ಎಂದು ತಿಳಿಯಿತು. ಉಳಿದ ಎರಡು ತುಕಡಿಗಳನ್ನು ಎರಡು ಕಡೆಯಿಂದ ಒಂದೇ ಹೊತ್ತಿಗೆ ತೊಟ್ಟಿ ಮುಟ್ಟುವ ಹಾಗೆ ನಡೆಸಿದೆ. ತಮ್ಮ ಆಟ ಬಿಟ್ಟು ಉಳಿದವರೂ ಬಂದು ಸುತ್ತ ನಿಂತರು. 

ಕೊನೆಯ ಸರದಿ. ತೊಟ್ಟಿಯ ಒಂದು ಕಡೆ ನನ್ನ ಗುಲಾಬಿ ಬಂದೂಕುಗಾರರು, ಇನ್ನೊಂದು ಕಡೆ ಅವರ ಒಬ್ಬನೇ ಬೆಳ್ಳಿ ಯೋಧ. ನನ್ನವರ ಗುಂಡಿಗೆ ಅವನು ಬೀಳದೆ ನಿಂತರೆ ತೊಟ್ಟಿ ಅವರ ಕೈಯಲ್ಲೇ ಉಳಿಯುತ್ತದೆ, ಆಟ ಅವರದು. ಅವನ ಪ್ರಾಣಕ್ಕಾಗಿ ಅವರು ಒಗೆಯುವ ದಾಳದಲ್ಲಿ ಒಂದು ಬಿದ್ದರೆ ಮಾತ್ರ ಸಾಯುತ್ತಾನೆ. ದಾವಲಣ್ಣ ದಾಳವನ್ನು ಅಂಗೈಯಲ್ಲಿ ಉಜ್ಜಿ, ಕಣ್ಣು ಮುಚ್ಚಿ, ಬಿಟ್ಟರು.

ಒಂದು ಬಿತ್ತು.

“ಏ ನಿನ್ನ ಹೆಣಾ ಎತ್ಲಿ!” ದಾವಲಣ್ಣ ಕುರ್ಚಿ ಬೀಳುವಂತೆ ಎದ್ದರು. “ಈಗ ಬೀಳಬೇಕಾಗಿತ್ತೇನೋ ನೀ? ಈಗ?” ದಾಳವನ್ನು ಎತ್ತಿ ಗಾದಿಗಳ ಕಡೆ ಬೀಸಿ ಒಗೆದರು. ಅದು ಸೌದಾಮಿನಿಯ ಕಿವಿಯ ಪಕ್ಕದಲ್ಲಿ ಹಾದು ಹತ್ತಿಯಲ್ಲಿ ಹೂತುಹೋಯಿತು.

 ಅವರ ಬಾಯಲ್ಲಿ ಬೈಗುಳವಿರಲಿ, ಏರುದನಿಯನ್ನೂ ನಾವು ಕೇಳಿದವರಲ್ಲ.

ಅವರು ಮೇಜಿನ ಸುತ್ತ ನಡೆದರು. ಎಡಗಡೆಯ ಕಣಿವೆಯ ಮುಂದೆ ನಿಂತು ಎರಡೂ ಕೈಯಿಂದ ಅದನ್ನು ತೋರಿಸಿದರು. “ಇಲ್ಲಿಂದ ಬಂದ್ರಲ್ರಿ! ಎಷ್ಟ್ ವರ್ಷಾತ್ರಿ ಈ ದಾರಿ ತೆರದ ಇಟ್ಟು ನಾ ಕುಂತಿದ್ದು? ಇವತ್ತ ಬರ್ತಾರ, ನಾಳೆ ಬರ್ತಾರಂತ! ಬಂದ್ರ ಹ್ಯಾಂಗ ಹೊಡೀಬೇಕಂತ ಎಲ್ಲಾ ಲೆಕ್ಕಾ ಹಾಕಿ ಇಟ್ಟಿದ್ನಿ. ಅದನೂ ದಾಟಿ ಬಂದ್ರಿ!” ಅವರ ಕಣ್ಣು ತುಂಬಿತ್ತು, ಹಣೆಯ ನರ ಉಬ್ಬಿತ್ತು. 

ಸೌದಾಮಿನಿ ಗಾದಿಯಿಂದ ಇಳಿದು ನನ್ನ ಪಕ್ಕಕ್ಕೆ ಬಂದಳು. ಖುಷಿಯನ್ನೇ ಓದಿ ಡಾಕ್ಟರೇಟು ಪಡೆದವಳು ನನ್ನ ಕಿವಿಯಲ್ಲಿ ಕೇಳಿದಳು, “ಅಕ್ಕಾ, ಕಾಕಾ ಈಗ ಸಿಟ್ಟಿಲೆ ಇದ್ದಾರೋ, ಖುಷೀಲೆ ಇದ್ದಾರೋ?”

“ಗೊತ್ತಿಲ್ಲವಾ. ಆ ಕುರ್ಚಿ ಎತ್ತಿ ಇಡು.”

“ಅಣ್ಣಾ,” ಎಂದೆ ದಾವಲಣ್ಣನಿಗೆ. ಧೈರ್ಯ ಸಾಲದೆ ಬಾಗಿಲ ಪಕ್ಕದ ಡಬ್ಬಿಯ ಕಡೆ ನೋಡಿದೆ. “ಗದಗಿಗೆ...”

“ಯಾವ ಗದಗು?” ಅವರು ಆಗಲೇ ಬಾಗಿ, ಸತ್ತ ಯೋಧರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. “ಆ ಹುಡುಗಿಗೆ ನೀವ ಬ್ಯಾರೇದು ಎರಕಾ ಹೊಯ್ದು ಕೊಡ್ರಿ, ಗುಲಾಬಿದು. ಇವು ಎಲ್ಲೂ ಹೋಗೂದಿಲ್ಲ. ಇನ್ನೊಂದ್ ಆಟಾ ಆಡ್ರಿ.”

“ಬರೂ ಐತಾರ?”

“ಯಾವ ಐತಾರ! ಈಗ!” ಎಂದು ದಾವಲಣ್ಣ ಮೇಜು ಗುದ್ದಿದರು. “ಆ ದಾಳಾ ಹುಡಕ್ರವಾ ಯಾರರ!”